ಜೋಳದೆಲೆಯ ಕುಂಕುಮ

ಮೂರು ಹಸು ಕರೆಯುವ ಮನೆಯಲ್ಲಿ ಊಟಕ್ಕೆ ಪ್ಯಾಕೆಟ್ ಮೊಸರು ಬಂದಾಗಲೇ ಏನೋ ನಡೆದಿದೆ ಎಂದು ನನಗೆ ಗೊತ್ತಾಯಿತು. ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಸ್ಟೀಲ್ ಲೋಟದೊಳಗೆ ನಿಲ್ಲಿಸಿ, ನಮ್ಮತ್ತೆ ಅದನ್ನು ತಟ್ಟೆಯ ಪಕ್ಕ ಇಟ್ಟರು. ಇಟ್ಟವರು ನನ್ನ ಮುಖ ನೋಡಲಿಲ್ಲ. ಮುದ್ದೆಯ ಕೊನೆಯ ತುತ್ತು ನುಂಗಿ, ಅನ್ನಕ್ಕೆ ಆ ಸಪ್ಪೆ ಮೊಸರನ್ನೇ ಕಲಸಿಕೊಂಡೆ.

ನಾವು ಇರುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ನಮ್ಮವರ ಊರು ಗುಬ್ಬಿ ದಾಟಿ ಸ್ವಲ್ಪ ಒಳಗೆ. ಅಲ್ಲಿ ಅತ್ತೆ, ಮೈದುನ, ಅವನ ಹೆಂಡತಿ ಇದ್ದಾರೆ. ಹೋದ ಕಾರ್ತಿಕದಲ್ಲಿ ವಾರಗಿತ್ತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅಡುಗೆಗೆ ಒಂದಷ್ಟು ದಿನ ಆಸರೆಯಾಗಲಿ ಎಂದು ನಾನು ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬಂದಿದ್ದೆ.

ಊಟವಾದ ಮೇಲೆ ಕೊಟ್ಟಿಗೆಯ ಹತ್ತಿರ ಮೈದುನ ಸಿಕ್ಕಿದ. ಹಸುಗಳ ಮುಂದೆ ಹುಲ್ಲು ಹಾಕುತ್ತಾ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ.

ನಮ್ಮ ಹೊಲದ ಪಕ್ಕದ ಹೊಲ ಒಬ್ಬ ಹಿರಿಯ ಹೆಂಗಸಿನದು. ಊರಿನವರಿಗೆಲ್ಲ ಅವರು ಅಕ್ಕ. ನಮ್ಮತ್ತೆಗಿಂತ ಮೂರ್ನಾಲ್ಕು ವರ್ಷ ದೊಡ್ಡವರು. ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಆ ಊರಿಗೆ ಸೊಸೆಯರಾಗಿ ಬಂದವರು. ಅವರಿಬ್ಬರ ನಡುವೆ ನಲವತ್ತು ವರ್ಷದಿಂದ ಒಂದು ಪದ್ಧತಿ ನಡೆದುಕೊಂಡು ಬಂದಿದೆ. ಪ್ರತಿ ಸೋಮವಾರ ಸಂಜೆ ಒಬ್ಬರ ಮನೆಯ ಹೆಪ್ಪು ಇನ್ನೊಬ್ಬರ ಮನೆಗೆ ಹೋಗಬೇಕು. ಒಂದೇ ಮನೆಯ ಹೆಪ್ಪು ಬಹಳ ದಿನ ಓಡಿದರೆ ಮೊಸರು ಲೋಳೆಯಾಗುತ್ತದೆ ಎಂಬುದು ಇಬ್ಬರ ನಂಬಿಕೆ. ಹಾಗಾಗಿ ಎರಡು ಪುಟ್ಟ ಹಿತ್ತಾಳೆ ಬಟ್ಟಲುಗಳು ವಾರಕ್ಕೊಮ್ಮೆ ಬದು ದಾಟಿ ಹೋಗಿ ಬರುತ್ತಿದ್ದವು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಕಾನ್ವೆಂಟಿನಲ್ಲಿ ಓದಿದ ಹುಡುಗಿಗೆ ಮುದ್ದೆ ಕೋಲು ಹಿಡಿಯುವುದಕ್ಕೂ ಬಾರದೆ ಕಣ್ಣಲ್ಲಿ ನೀರು ತಂದುಕೊಂಡಿದ್ದಾಗ, ಹಿಂದೆ ನಿಂತು ನನ್ನ ಎರಡೂ ಕೈಗಳ ಮೇಲೆ ತಮ್ಮ ಕೈಯಿಟ್ಟು ತಿರುವಿಸಿ ಕಲಿಸಿದ್ದು ಇದೇ ಅಕ್ಕ.

ಆ ವಾರದ ಸೋಮವಾರ ಅಕ್ಕ ಎಂದಿನಂತೆ ಬದುವಿನ ಕಲ್ಲಿಗೆ ಪೂಜೆ ಮಾಡಿದ್ದರು. ಕಾರ್ತಿಕ ಸೋಮವಾರಗಳಲ್ಲಿ ವಿಭೂತಿ ಬಳಿದು, ಅರಿಶಿನ ಕುಂಕುಮ ಹಾಕಿ, ಒಂದು ಹೂವಿಟ್ಟು ಬರುವುದು ಅವರ ರೂಢಿ. ಮಂಗಳವಾರ ಬೆಳಿಗ್ಗೆ ನಮ್ಮತ್ತೆ ಹಸುವಿಗೆಂದು ಮುಸುಕಿನ ಜೋಳ ಕೊಯ್ಯಲು ಹೋದಾಗ, ಅಕ್ಕನ ಬದುವಿಗೆ ತಗುಲಿದ ಸಾಲುಗಳಲ್ಲಿ ಮಾತ್ರ ಎಲೆಯೆಲೆಯ ಮೇಲೂ ಕೆಂಪು ಪುಡಿ ಚೆಲ್ಲಿದಂತೆ ಕಂಡಿತು. ಅರಿಶಿನಕ್ಕೆ ಕುಂಕುಮ ಕಲಸಿದ ಹಾಗಿನ ಪುಡಿ. ಎಲೆಗಳು ಅಲ್ಲಲ್ಲಿ ಹಳದಿಯಾಗಿ ಒಣಗುತ್ತಿದ್ದವು. ಬದುವಿನ ಆಚೆ ಅಕ್ಕನ ರಾಗಿ ಹೊಲ ಮಾತ್ರ ನಳನಳಿಸುತ್ತಿತ್ತು.

ಅತ್ತೆ ಮನೆಗೆ ಬಂದವರೇ ಅಕ್ಕನ ಹೆಪ್ಪಿನಿಂದಾದ ಮೊಸರನ್ನೆಲ್ಲ ತಿಪ್ಪೆಗೆ ಸುರಿದರು. ಗಡಿಗೆಯನ್ನು ಬೂದಿ ಹಾಕಿ ಮೂರು ಸಲ ಉಜ್ಜಿದರು. ಆಮೇಲೆ ಅವರು ಅಕ್ಕನ ಮನೆಯ ದಿಕ್ಕಿಗೆ ಮುಖ ತಿರುಗಿಸಿಲ್ಲ.

ಮಾಟ ತೆಗೆಯುವವನೊಬ್ಬನಿಗೆ ಹೇಳಿ ಕಳಿಸಿಯಾಗಿದೆ, ನಾಳೆ ಭಾನುವಾರ ಹನ್ನೊಂದು ಗಂಟೆಗೆ ಬರುತ್ತಾನೆ ಎಂದ ಮೈದುನ. ಅವನು ಬಂದರೆ ಬದುವಿನ ಉದ್ದಕ್ಕೂ ಕಬ್ಬಿಣದ ಮೊಳೆ ಹೊಡೆದು, ಬೂದುಗುಂಬಳ ಒಡೆದು, ಯಾರು ಮಾಡಿಸಿದ್ದು ಎಂದು ಊರಿನವರ ಮುಂದೆ ಹೇಳುತ್ತಾನಂತೆ.

"ಒಂದ್ಸಲ ಮೊಳೆ ಹೊಡುದ್ರೆ ಎರಡೂ ಮನೆ ನಂಟು ಮುಗೀತು ಅತ್ತಿಗೆ," ಎಂದ. "ಅಮ್ಮಂಗೆ ನಾ ಎಷ್ಟೇಳುದ್ರೂ ಕೇಳಲ್ಲ. ನೀವಾರ ಏನಾರ ಮಾಡಿ."

ಆ ಎರಡು ಹಿತ್ತಾಳೆ ಬಟ್ಟಲುಗಳು ಕಣ್ಣ ಮುಂದೆ ಬಂದವು. ಹನ್ನೊಂದು ಗಂಟೆಗೆ ಇನ್ನು ಒಂದು ದಿನವೂ ಇರಲಿಲ್ಲ.

ನಾಲ್ಕು ಗಂಟೆಗೆ ಹಸಿ ಜೋಳ ಬೇಯಿಸೋಣ, ನಾಲ್ಕು ತೆನೆ ಮುರಿದು ಬರುತ್ತೇನೆ ಎಂದು ನೆಪ ಹೇಳಿದೆ. ಅತ್ತೆ ಒಂಟಿಯಾಗಿ ಕಳಿಸಲಿಲ್ಲ. ಆ ಸಾಲಿನ ಹತ್ತಿರ ಹೋಗಕೂಡದು ಎನ್ನುತ್ತಲೇ ಜೊತೆಗೆ ಬಂದರು. ದಾರಿಯಲ್ಲಿ ಅಕ್ಕ ತಮ್ಮ ರಾಗಿಯ ಅಂಚಿನಲ್ಲಿ ಅವರೆ ಬಳ್ಳಿ ಸರಿಮಾಡುತ್ತಾ ಕೂತಿದ್ದರು. ನಮ್ಮತ್ತೆ ಸೆರಗು ಎಳೆದುಕೊಂಡು ದಾಪುಗಾಲು ಹಾಕಿ ಮುಂದೆ ಹೋದರು. ಅಕ್ಕ ನನ್ನನ್ನು ತಡೆದು ಮೆಲ್ಲಗೆ ಕೇಳಿದರು.

"ನಿಮ್ಮತ್ತೆಗೆ ಮೈಗೆ ಹುಷಾರಿಲ್ವೇನವ್ವಾ? ಕೂಗುದ್ರೂ ಓಗೊಡಲ್ಲ. ಬಿಸ್ಲಲ್ಲಿ ಓಡಾಡ್ಬ್ಯಾಡ ಅಂತ ಹೇಳವ್ವ ನೀನಾರ."

ಅವರ ಬೆರಳುಗಳಲ್ಲಿ ಅವರೆಯ ಸೊಗಡು ಮೆತ್ತಿತ್ತು. ನಾನು ಹೂಂ ಎಂದೆ. ಅವರಿಗೆ ಇನ್ನೂ ಏನೂ ಗೊತ್ತಿಲ್ಲ ಎಂಬುದು ತಿಳಿದು, ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಜೋಳದ ಸಾಲಿಗೆ ಕಾಲಿಟ್ಟೆ. ಎಲೆಗಳು ತೋಳಿಗೆ ತಾಗಿದ ಕಡೆಯೆಲ್ಲ ಇಟ್ಟಿಗೆ ಬಣ್ಣದ ಗೆರೆ ಮೂಡಿತು. ನನ್ನ ಸೊಂಟದಲ್ಲಿ ಯಾವಾಗಲೂ ಒಂದು ಬಿಳಿ ಕರ್ಚೀಫು ಇರುತ್ತದೆ. ಶಾಲೆಯಲ್ಲಿ ಸಿಸ್ಟರುಗಳು ದಿನಾ ಪ್ರಾರ್ಥನೆಗೆ ಮುಂಚೆ ಕರ್ಚೀಫು ಬಿಡಿಸಿ ತೋರಿಸಿ ಎನ್ನುತ್ತಿದ್ದರು, ಒಂದು ಕಲೆ ಕಂಡರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಅಭ್ಯಾಸ ಹೋಗಿಲ್ಲ. ಅದರಿಂದ ಒಂದು ಎಲೆಯನ್ನು ಒರೆಸಿದೆ. ಬಟ್ಟೆಯ ಮೇಲೆ ದಾಲ್ಚಿನ್ನಿ ಪುಡಿಯಂಥ ಪಟ್ಟೆ ಬಂತು. ಮೂಸಿ ನೋಡಿದೆ. ಕುಂಕುಮದ ವಾಸನೆಯಿಲ್ಲ, ಅರಿಶಿನದ್ದೂ ಇಲ್ಲ.

ಎಲೆಯನ್ನು ತಿರುಗಿಸಿದೆ. ಕೆಳಮುಖದಲ್ಲೂ ಅಷ್ಟೇ ಪುಡಿ!

ಯಾರಾದರೂ ಮೇಲಿನಿಂದ ಎರಚಿದ್ದರೆ ಎಲೆಯ ಅಡಿಗೆ ಹೇಗೆ ಬರುತ್ತದೆ? ಫೋನ್ ತೆಗೆದು ಎಲೆಯ ಹತ್ತಿರ ಹಿಡಿದು ಫೋಟೋ ತೆಗೆದೆ, ಎರಡು ಬೆರಳಿಂದ ಹಿಗ್ಗಿಸಿ ನೋಡಿದೆ. ಆ ಚಿತ್ರವನ್ನು ನಾನು ಇವತ್ತಿಗೂ ಅಳಿಸಿಲ್ಲ. ಎಲೆಯ ಸಿಪ್ಪೆ ಉದ್ದಕ್ಕೆ ಸೀಳಿ, ರವಿಕೆಗೆ ಗುಂಡಿ ಕಾಜ ಕತ್ತರಿಸಿದ ಹಾಗೆ ಬಾಯಿ ತೆರೆದಿತ್ತು. ಒಂದಲ್ಲ, ನೂರಾರು ಕಾಜಗಳು. ಪ್ರತಿಯೊಂದರ ತುಟಿಯಲ್ಲೂ ಕೆಂಪು ಪುಡಿ ಉಬ್ಬಿ ನಿಂತಿತ್ತು. ಕೆಲವು ಇನ್ನೂ ಒಡೆದಿರಲಿಲ್ಲ, ಬೆವರುಸಾಲೆಯಂತೆ ಸಣ್ಣಗೆ ಊದಿಕೊಂಡಿದ್ದವು ಅಷ್ಟೆ. ಶಾಲೆಯಲ್ಲಿ ಜೀವಶಾಸ್ತ್ರದ ಸಿಸ್ಟರ್ ಹಳಸಿದ ಬ್ರೆಡ್ಡಿನ ಬೂಷ್ಟನ್ನು ಗಾಜಿನ ಕೆಳಗಿಟ್ಟು, ಇದೂ ಒಂದು ತೋಟವೇ ಎಂದು ತೋರಿಸಿದ್ದು ಥಟ್ಟನೆ ನೆನಪಾಯಿತು.

"ಅತ್ತೆ, ಇದನ್ನ ಯಾರೂ ಹಾಕಿಲ್ಲ. ಎಲೆ ಒಳಗಿಂದಾನೇ ಬರ್ತಿದೆ, ನೋಡಿ."

ಅತ್ತೆ ಫೋನಿನ ಕಡೆ ಕಣ್ಣು ಹಾಯಿಸಿದಂತೆ ಮಾಡಿದರು.

"ಕಾನ್ವೆಂಟಲ್ಲಿ ಓದ್ದೋರಿಗೆ ಎಲ್ಲಾ ಒಳಗಿಂದ್ಲೇ ಬತ್ತದೆ. ಸುಮ್ಕೆ ಬಾರವ್ವ, ಅದುನ್ನೆಲ್ಲಾ ಮುಟ್ಬ್ಯಾಡ."

ಫೋಟೋ ಅವರಿಗೆ ಸಾಕ್ಷಿಯಲ್ಲ. ಅವರು ನಂಬುವ ಸಾಕ್ಷಿ ಯಾವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆ ತಲುಪಿ, ಅತ್ತೆ ಜಗಲಿಯಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿ, ಬೆರಳ ತುದಿಗೆ ಸುಣ್ಣ ತೆಗೆದುಕೊಂಡರು. ಆ ಸುಣ್ಣವನ್ನು ನೋಡಿ ನಾನು ಕೂತಲ್ಲಿಂದ ಎದ್ದೇಬಿಟ್ಟೆ.

ಈ ಮನೆಗೆ ನಾನು ಮೊದಲು ಬಂದ ದಿನ ಅತ್ತೆ ಹೊಸಿಲಲ್ಲಿ ಆರತಿ ಎತ್ತಿದ್ದರು. ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಕದಡಿದ್ದೇ ತಡ, ಹಳದಿ ನೀರು ರಕ್ತದಂತೆ ಕೆಂಪಾಗಿತ್ತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗದೆ ಇರುವುದಿಲ್ಲ, ಇದು ಯಾವ ಹೆಂಗಸಿಗೆ ಗೊತ್ತಿಲ್ಲ?

ಎರಡು ಬಟ್ಟಲು ನೀರು ತಂದೆ. ಒಂದಕ್ಕೆ ದೇವರ ಗೂಡಿನ ಅರಿಶಿನ ಹಾಕಿದೆ. ಇನ್ನೊಂದಕ್ಕೆ ಕರ್ಚೀಫಿನ ಪುಡಿಯನ್ನು ಕೊಡವಿದೆ. ನೀವೇ ಸುಣ್ಣ ಹಾಕಿ ಅತ್ತೆ, ನಾನು ಮುಟ್ಟುವುದಿಲ್ಲ ಎಂದೆ. ಮೈದುನ ಕೊಟ್ಟಿಗೆಯಿಂದ ಓಡಿ ಬಂದು ಕಂಬ ಹಿಡಿದು ನಿಂತ. ಅತ್ತೆ ಅನುಮಾನದಿಂದಲೇ ಎರಡಕ್ಕೂ ಒಂದೊಂದು ಬೆರಳು ಸುಣ್ಣ ಅದ್ದಿದರು. ಅರಿಶಿನದ ನೀರು ಕ್ಷಣದಲ್ಲಿ ಓಕುಳಿಯಾಯಿತು. ಇನ್ನೊಂದು ಹಾಗೇ ಇತ್ತು. ಪುಡಿ ನೀರಿನ ಮೇಲೆ ತೇಲುತ್ತಾ, ಇಟ್ಟಿಗೆ ಬಣ್ಣ ಇಟ್ಟಿಗೆ ಬಣ್ಣವಾಗಿಯೇ ಉಳಿಯಿತು.

ಅತ್ತೆ ಎರಡು ಬಟ್ಟಲನ್ನೂ ಬೆಳಕಿಗೆ ಓರೆ ಮಾಡಿ ನೋಡಿದರು.

"ಅರಿಸ್ನ ಅಲ್ಲ ಬುಡು," ಎಂದರು ಕೊನೆಗೆ. "ಅದುಕ್ಕೇ? ಮಾಟಕ್ಕೆ ಅರಿಸ್ನಾನೇ ಆಗ್ಬೇಕಾ? ಯಾವ್ದೋ ಮಣ್ಣೋ ಬೂದಿನೋ ತಂದಿರ್ಬೋದು."

ಮೈದುನ ಹಣೆ ಚಚ್ಚಿಕೊಂಡ. ನನಗೆ ಮಾತ್ರ ಒಳಗೊಳಗೇ ಹುರುಪು ಏರಿತ್ತು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಇನ್ನೊಂದು ಹೆಜ್ಜೆ ಸರಿದರೆ ಸಾಕಿತ್ತು.

ಚೀಲದಲ್ಲಿ ನನ್ನ ಸೀರೆ ಇಟ್ಟು ತಂದಿದ್ದ ಪಾರದರ್ಶಕ ಪ್ಲಾಸ್ಟಿಕ್ ಕವರಿತ್ತು. ಅದನ್ನು ಹಿಡಿದು, ಸೂರ್ಯ ಮುಳುಗುವ ಮುಂಚೆ ಮತ್ತೆ ಹೊಲಕ್ಕೆ ಹೋಗೋಣ ಎಂದೆ. ಈ ಸಲ ಅತ್ತೆ ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡರು. ಅಲ್ಲಿ ಎಲೆಯೊಂದನ್ನು ಅವರೇ ಆರಿಸಿದರು. ನಾನು ಒದ್ದೆ ಕರ್ಚೀಫಿನಿಂದ ಮೇಲೆ ಕೆಳಗೆ ಒಂದು ಚೂರೂ ಪುಡಿ ಉಳಿಯದಂತೆ ಒರೆಸಿದೆ. ಅತ್ತೆ ಬೆರಳಾಡಿಸಿ ನೋಡಿದರು, ಬೆರಳಿಗೆ ಏನೂ ಹತ್ತಲಿಲ್ಲ. ಕವರನ್ನು ಎಲೆಗೆ ತೊಡಿಸಿದ ಮೇಲೆ, ದಾರ ಕಟ್ಟುವುದು ಮಾತ್ರ ನಿಮ್ಮ ಕೆಲಸ ಎಂದೆ. ಅವರು ಹೂ ಕಟ್ಟುವ ಬಾಳೆನಾರು ತಂದಿದ್ದರು. ಮೂರು ಸುತ್ತು ಸುತ್ತಿ, ಕರುವಿನ ಕೊರಳಿಗೆ ಹಾಕುವ ತಮ್ಮದೇ ಒಂದು ಗಂಟು ಹಾಕಿದರು. ಅದನ್ನು ಅವರು ಬಿಟ್ಟರೆ ಆ ಮನೆಯಲ್ಲಿ ಯಾರಿಗೂ ಹಾಕಲು ಬರುವುದಿಲ್ಲ.

ನನ್ನ ವಾದ ಇಷ್ಟೇ. ಹೊರಗಿನಿಂದ ಯಾರೇ ಏನೇ ಎರಚಿದರೂ ಕವರಿನ ಮೇಲೆ ಬೀಳುತ್ತದೆ. ಒಳಗೆ ಪುಡಿ ಕಂಡರೆ ಅದು ಎಲೆಯದೇ.

ಒಳಗೆ ಏನೂ ಕಾಣದಿದ್ದರೆ? ಹಾಗೆ ಅತ್ತೆ ಕೇಳಲಿಲ್ಲ. ನಾನೇ ಕೇಳಿಕೊಂಡೆ. ನನ್ನ ಬೂಷ್ಟಿನ ನೆನಪು ತಪ್ಪಾಗಿದ್ದರೆ ಅಕ್ಕನ ವಿರುದ್ಧದ ಸಾಕ್ಷಿಯನ್ನು ನಾನೇ ಕಟ್ಟಿಕೊಟ್ಟಂತಾಗುತ್ತಿತ್ತು.

ಬೆಳಿಗ್ಗೆ ಏಳೂವರೆಗೆಲ್ಲ ನಾವು ಮೂವರೂ ಹೊಲದಲ್ಲಿದ್ದೆವು. ಇಬ್ಬನಿ ದಟ್ಟವಾಗಿತ್ತು. ಆಗ ನನಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೊಲದ ನಡುವಿನ ಜೋಳದ ಮೇಲೆ ಎಳೆ ಬಿಸಿಲು ಬಿದ್ದು ಹನಿ ಆರುತ್ತಿತ್ತು. ಅಕ್ಕನ ಬದುವಿನ ಸಾಲುಗಳು ಮಾತ್ರ ಇನ್ನೂ ತೊಪ್ಪೆಯಾಗಿ ನೆನೆದಿದ್ದವು. ಬದುವಿನ ಮೇಲಿನ ಅಕ್ಕನ ಐದು ತೆಂಗಿನ ಮರಗಳ ನೆರಳು ಸರಿಯಾಗಿ ಆ ಸಾಲುಗಳ ಮೇಲೇ ಬೀಳುತ್ತಿತ್ತು. ಎಲ್ಲಿ ನೆರಳೋ ಅಲ್ಲಿ ತೇವ, ಎಲ್ಲಿ ತೇವವೋ ಅಲ್ಲಿ ಕೆಂಪು. ಕೂಗಿ ಹೇಳಬೇಕೆನಿಸಿತು. ತಡೆದುಕೊಂಡೆ. ಮೊದಲು ಕವರು.

ಅತ್ತೆ ಬಗ್ಗಿ ಗಂಟನ್ನು ಪರೀಕ್ಷಿಸಿದರು. ಅದು ಅವರದೇ ಗಂಟು, ಸಡಿಲವಾಗಿರಲಿಲ್ಲ. ಕವರಿನ ಒಳಗೋಡೆಗೆ ನೀರ ಹನಿಗಳು ಕಟ್ಟಿದ್ದವು. ಆ ಹನಿಗಳ ನಡುವೆ, ನಿನ್ನೆ ನಾನು ತೊಳೆದಷ್ಟು ಚೊಕ್ಕಟವಾಗಿ ಒರೆಸಿದ್ದ ಎಲೆಯ ಮೇಲೆ, ಸಾಲು ಸಾಲಾಗಿ ಹೊಸ ಕಾಜಗಳು ಬಿರಿದಿದ್ದವು. ನಿನ್ನೆ ಬೆವರುಸಾಲೆಯಂತಿದ್ದವು ಒಡೆದು ತಾಜಾ ಕೆಂಪು ಚೆಲ್ಲಿಕೊಂಡಿದ್ದವು. ಕವರಿನ ತಳದ ಮೂಲೆಯಲ್ಲಿ ಚಿಟಿಕೆಯಷ್ಟು ಪುಡಿ ಉದುರಿ ಕೂತಿತ್ತು.

ನನಗೆ ಕುಣಿಯುವ ಹಾಗಾಯಿತು. ನಿಜಕ್ಕೂ ಎರಡು ಹೆಜ್ಜೆ ಕುಣಿದೆ, ಮೈದುನ ನೋಡಿ ನಕ್ಕ.

ಅತ್ತೆ ನಗಲಿಲ್ಲ. ಅವರು ನಾರನ್ನು ಬಿಚ್ಚಿ, ಕವರು ತೆಗೆದು, ತಮ್ಮ ಸೆರಗಿನ ತುದಿಯಿಂದ ಎಲೆಯನ್ನು ಒರೆಸಿದರು. ಸೆರಗನ್ನು ನೋಡಿದರು. ಮತ್ತೆ ಬದುವಿನ ಕಲ್ಲನ್ನು, ಅದರ ಮೇಲೆ ಒಣಗಿದ್ದ ಅಕ್ಕನ ಚೆಂಡು ಹೂವನ್ನು ನೋಡಿದರು. ಅವರ ಮುಖದಲ್ಲಿ ಅಷ್ಟು ದಿನ ಬಿಗಿದಿದ್ದದ್ದೇನೋ ಒಮ್ಮೆಗೇ ಇಳಿದುಹೋಯಿತು. ಶಿವ ಶಿವ ಎಂದು ಬದುವಿನ ಮೇಲೆ ಕೂತುಬಿಟ್ಟರು.

"ಅವಯ್ಯಂಗೆ ಫೋನ್ ಮಾಡ್ಲಾ," ಎಂದರು ಮಗನಿಗೆ. "ಬರೋದ್ ಬ್ಯಾಡ ಅನ್ನು."

ಮೈದುನ ಅಲ್ಲಿಂದಲೇ ಫೋನ್ ಮಾಡಿದ. ಆತ ಕುಣಿಗಲ್ ಕಡೆಯವನು. ನನ್ನ ತವರು ಕುಣಿಗಲ್ಲು, ಹಾಗಾಗಿ ನಿಮ್ಮೂರ ಕಡೆಯವನೇ ಎಂದು ಹಿಂದಿನ ದಿನವೇ ಅತ್ತೆ ನನಗೆ ಒಂದು ಮಾತು ಚುಚ್ಚಿದ್ದರು. ಬಸ್ಸು ಹತ್ತಲು ಹೊರಟಿದ್ದನಂತೆ. ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ, ಇದಲ್ಲದಿದ್ದರೆ ಮನೆಯಲ್ಲಿ ಬೇರೆ ಏನಾದರೂ ತೊಂದರೆ ಇದೆಯೇ ಎಂದು ವಿಚಾರಿಸಿದನಂತೆ.

ಅಲ್ಲಿಗೆ ಎಲ್ಲ ಮುಗಿಯಿತು, ಅಕ್ಕನಿಗೆ ಏನೂ ಹೇಳುವುದು ಬೇಡ ಎಂದುಕೊಂಡಿದ್ದೆ. ಅತ್ತೆಗೆ ಮೈ ಸರಿಯಿರಲಿಲ್ಲ ಎಂದು ಹೇಳಿದರಾಯಿತು, ಯಾರಿಗೂ ನೋವಾಗದ ಹಾಗೆ ಮಾತು ಜೋಡಿಸುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಮಾತುಗಳನ್ನು ಜೋಡಿಸಿಯೂ ಆಗಿತ್ತು. ಆದರೆ ಅತ್ತೆ ಮನೆಗೆ ಹೋಗಿ, ಬೇರೆ ಸೀರೆಯುಟ್ಟು, ಖಾಲಿ ಹಿತ್ತಾಳೆ ಬಟ್ಟಲು ಹಿಡಿದು ಹೊರಗೆ ಬಂದರು. ನೀನೂ ಬಾ ಎಂದರು.

ಅಕ್ಕ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ನಮ್ಮನ್ನು ಕಂಡು ಮೊರ ಕೆಳಗಿಟ್ಟರು. ಅತ್ತೆ ನಿಂತೇ ಹೇಳಿದರು.

"ಅಕ್ಕಾ, ನನ್ ಜೋಳಕ್ಕೆ ನೀನೇ ಏನೋ ಮಾಡ್ಸಿದ್ದೀಯ ಅಂದ್ಕಂಡಿದ್ದೆ. ನಿನ್ ಮೊಸ್ರ ತಿಪ್ಪೆಗೆ ಸುರುದೆ. ಅದು ಯಾವ್ದೋ ರೋಗವಂತೆ. ಸೊಸೆ ಸುಣ್ಣ ಹಾಕಿ, ಕವರ್ ಕಟ್ಟಿ ತೋರುಸುದ್ಲು."

ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆ ಇನ್ನು ಕೆಲಸವಿರಲಿಲ್ಲ. ಅಕ್ಕ ಮೊರದ ಅಂಚಿನ ಒಂದು ರಾಗಿ ಕಾಳನ್ನು ಬೆರಳಿಂದ ಅತ್ತ ಇತ್ತ ಉರುಳಿಸಿದರು.

"ನಲವತ್ ವರ್ಸದಿಂದ ಹೆಪ್ಪು ಕೊಟ್ಟಿವ್ನಿ," ಎಂದರು. "ಅದುಕ್ಕೆ ಯಾವತ್ತಾರ ಸುಣ್ಣ ಹಾಕಿ ನೋಡುದ್ಯೇನೇ?"

ಅತ್ತೆ ಇಲ್ಲ ಎಂದು ತಲೆಯಾಡಿಸಿದರು. ಬಟ್ಟಲು ಹಿಡಿದ ಕೈ ಹಾಗೇ ಮುಂದೆ ಚಾಚಿತ್ತು. ಅಕ್ಕ ಎದ್ದರು. ಬಟ್ಟಲು ತೆಗೆದುಕೊಳ್ಳದೆ ಒಳಗೆ ಹೋದರು. ನೆಲುವಿನ ಮೇಲಿನ ಗಡಿಗೆಯ ಮುಚ್ಚಳ ಸರಿದ ಸದ್ದು ಕೇಳಿತು. ಹೊರಗೆ ಬಂದು, ಸೌಟಿನಿಂದಲೇ ಅತ್ತೆಯ ಬಟ್ಟಲಿಗೆ ಹೆಪ್ಪು ಸುರಿದರು. ಹೋಗು, ಹಾಲು ಆರಿಹೋಗುತ್ತದೆ ಎಂದಷ್ಟೇ ಹೇಳಿ ಮತ್ತೆ ಮೊರ ಕೈಗೆತ್ತಿಕೊಂಡರು. ನಮ್ಮ ಮನೆಯ ಹೆಪ್ಪಿಗೆಂದು ತಮ್ಮ ಬಟ್ಟಲನ್ನು ಮಾತ್ರ ಕೊಟ್ಟು ಕಳಿಸಲಿಲ್ಲ. ಅತ್ತೆ ಅದನ್ನು ಗಮನಿಸಿದ್ದನ್ನು ನಾನು ಗಮನಿಸಿದೆ.

ಸೋಮವಾರ ಮೈದುನನ ಬೈಕಿನಲ್ಲಿ ಗುಬ್ಬಿಯ ಕೃಷಿ ಆಫೀಸಿಗೆ ಹೋದೆವು. ಪೇಪರಿನಲ್ಲಿ ಸುತ್ತಿದ್ದ ಎಲೆಯನ್ನು ಬಿಚ್ಚುತ್ತಿದ್ದಂತೆಯೇ ಅಲ್ಲಿನ ಮೇಡಂ, ತುಕ್ಕು ರೋಗ ಎಂದರು. ಒಂದೇ ಪದ! ಅದಕ್ಕೊಂದು ಹೆಸರಿತ್ತು, ಹಳೆಯ ಬಾಗಿಲ ಚಿಲಕಕ್ಕೆ ಹಿಡಿಯುವ ತುಕ್ಕಿನದೇ ಹೆಸರು. ಅವರು ಭೂತಗನ್ನಡಿ ಕೊಟ್ಟರು. ನಾನು ಅದನ್ನು ವಾಪಸ್ಸು ಕೊಡುವುದಕ್ಕೇ ಮರೆತು ನೋಡಿದೆ. ಇದು ಶಿಲೀಂಧ್ರ, ಬೂಷ್ಟಿನ ನೆಂಟನೇ, ಗಾಳಿಯಲ್ಲಿ ಎಲ್ಲಿಂದಲೋ ತೇಲಿ ಬರುತ್ತದೆ, ತಂಪು ಮತ್ತು ಇಬ್ಬನಿ ಸಿಕ್ಕಿದ ಕಡೆ ಎಲೆಯೊಳಗೆ ಇಳಿಯುತ್ತದೆ ಎಂದರು. ಪಕ್ಕದ ರಾಗಿಗೆ ಯಾಕೆ ಬರಲಿಲ್ಲ ಎಂದು ಕೇಳಿದೆ. ಜೋಳಕ್ಕೆ ಬರುವ ಈ ತುಕ್ಕು ಜೋಳವನ್ನೇ ಹುಡುಕುತ್ತದೆ, ರಾಗಿಯ ತಂಟೆಗೆ ಹೋಗುವುದಿಲ್ಲ ಎಂದರು. ಹೆಚ್ಚು ಹಬ್ಬಿಲ್ಲ, ಮೇವಿನ ಜೋಳವಾದ್ದರಿಂದ ಔಷಧಿ ಹೊಡೆಯುವುದು ಬೇಡ, ಬೇಗ ಕೊಯ್ದುಬಿಡಿ, ಮುಂದಿನ ಸಲ ರೋಗ ತಡೆಯುವ ತಳಿ ಹಾಕಿ, ನೆರಳಿನ ಅಂಚು ಬಿಟ್ಟು ಬಿತ್ತಿ ಎಂದು ಹೇಳಿದರು. ಮನೆಗೆ ಬಂದು ಅಷ್ಟನ್ನೂ ಅತ್ತೆಗೆ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಆದರೆ ಅವರ ಕಣ್ಣು ಬಾಗಿಲ ಕಡೆಗಿತ್ತು. ಅವತ್ತು ಸೋಮವಾರ. ಸಂಜೆ ದೀಪ ಹಚ್ಚುವವರೆಗೂ ಅಕ್ಕನ ಬಟ್ಟಲು ಬರಲಿಲ್ಲ.

ಗುರುವಾರ ನಾನು ಹೊರಟೆ. ಅತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿ, ಮುಚ್ಚಳದ ಮೇಲೆ ಬಾಳೆನಾರಿನಿಂದ ಅದೇ ಗಂಟು ಹಾಕಿ ಕೊಟ್ಟರು. ಬಸ್ಸಿನಲ್ಲಿ ಗುಬ್ಬಿಯಿಂದ ತುಮಕೂರಿನವರೆಗೂ ಅದನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ. ಶೆಟ್ಟಿಹಳ್ಳಿಯ ಮನೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ ಅದನ್ನು ಬೆರೆಸಿದೆ. ಬೆಳಿಗ್ಗೆ ಪಾತ್ರೆ ಓರೆ ಮಾಡಿದರೂ ಅಲುಗದ ಹಾಗೆ ಮೊಸರು ಕಟ್ಟಿತ್ತು. ಕರ್ಚೀಫನ್ನು ಎರಡು ಸಲ ಒಗೆದರೂ ಒಂದು ತೆಳು ಇಟ್ಟಿಗೆ ನೆರಳು ಉಳಿದಿತ್ತು. ಸಿಸ್ಟರ್ ಕಂಡಿದ್ದರೆ ಖಂಡಿತ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಮುಂದಿನ ಸೋಮವಾರ ಸಂಜೆ ಆರಕ್ಕೆ ಫೋನ್ ಬಂತು. ಅತ್ತೆ ತಾವಾಗಿ ಫೋನ್ ಮಾಡುವವರಲ್ಲ. ಎತ್ತಿದರೆ, ಹಿಂದುಗಡೆ ಯಾರೋ ಬೈಯುತ್ತಿರುವುದು ಕೇಳಿಸುತ್ತಿತ್ತು. ನಿನ್ನ ಮಗ ನೆರಳಿನ ಮಾತು ಹೇಳಿದನೆಂದು ತೆಂಗಿನ ಮರದ ಜೋತುಬಿದ್ದ ಗರಿಗಳನ್ನೆಲ್ಲ ಕಡಿಸಿಹಾಕಿದ್ದೇನೆ, ನಿನ್ನ ಜೋಳಕ್ಕೆ ಇನ್ನು ಬಿಸಿಲು ಬೀಳದಿದ್ದರೆ ಸೂರ್ಯನನ್ನು ಕೇಳು, ನನ್ನನ್ನು ಕೇಳಬೇಡ ಎಂದು.

"ಕೇಳುಸ್ತೇನವ್ವಾ?" ಎಂದರು ಅತ್ತೆ. ದನಿಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ. "ಬಟ್ಲು ಹಿಡ್ಕಂಡು ಬಂದು ಜಗಲಿ ಮೇಲೆ ಕುಂತವ್ಳೆ. ಹೆಪ್ಪು ಕೊಟ್ ಕಳುಸ್ಬೇಕು, ಫೋನ್ ಮಡುಗ್ತೀನಿ."